ಚಾರ್ಜ್ ತೆಗೆದುಕೊಳ್ಳದ ಗವರ್ನರ್: ಲೂಯಿಸಿಯಾನಾ, 1766–1768

1766ರ ಮಾರ್ಚ್ 5ರಂದು ಸ್ಪೇನಿನ ಹೊಸ ಗವರ್ನರ್ ಉತ್ತರ ಅಮೆರಿಕದ ಲೂಯಿಸಿಯಾನಾ ವಸಾಹತಿನ ರಾಜಧಾನಿ ನ್ಯೂ ಆರ್ಲಿಯನ್ಸಿನಲ್ಲಿ ಇಳಿದಾಗ ಅವರ ಜೊತೆಗಿದ್ದ ಸೈನಿಕರು ಸುಮಾರು 90 ಮಂದಿ. ಅದೇ ವರ್ಷ ಅವರೇ ಮಾಡಿಸಿದ ಜನಗಣತಿಯಲ್ಲಿ ಆ ವಸಾಹತಿನ ಬಿಳಿಯರ ಸಂಖ್ಯೆ 5,552 ಎಂದು ಬಂತು. ಅವರಲ್ಲಿ ಆಯುಧ ಹಿಡಿಯಬಲ್ಲ ಗಂಡಸರು 1,893. ಗುಲಾಮರು ಈ ಲೆಕ್ಕದಿಂದ ಹೊರಗೆ. 90 ಮತ್ತು 1,893 ಎಂಬ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಮುಂದಿನ 32 ತಿಂಗಳ ಕಥೆ ಅರ್ಧ ತಿಳಿದಂತೆಯೇ. ಉಳಿದರ್ಧ ಕಾಗದಪತ್ರಕ್ಕೆ ಸಂಬಂಧಿಸಿದ್ದು, ನಾವು ಹೆಚ್ಚು ಹೊತ್ತು ನಿಲ್ಲುವುದು ಅಲ್ಲಿಯೇ.

ಈ ಅಧ್ಯಯನದಲ್ಲಿ ಸ್ಥಳ, ವರ್ಷ, ಅಂಕಿಗಳು ಇದ್ದಂತೆಯೇ ಇವೆ, ವ್ಯಕ್ತಿಗಳ ಹೆಸರುಗಳನ್ನು ಮಾತ್ರ ಬಿಟ್ಟಿದ್ದೇವೆ. ಈ ಅಧಿಕಾರಿಯ ಹೆಸರು ಬಂದೊಡನೆ ವಿಜ್ಞಾನಿ ಎಂಬ ಕೀರ್ತಿ ಒಂದು ಕಡೆಯಿಂದ, ಹಟಮಾರಿ ಎಂಬ ಅಪಕೀರ್ತಿ ಇನ್ನೊಂದು ಕಡೆಯಿಂದ ಎದ್ದು ಬರುತ್ತವೆ, ಅವರು ತೆಗೆದುಕೊಂಡ ತೀರ್ಮಾನಗಳು ಅವುಗಳ ಹಿಂದೆ ಮರೆಯಾಗುತ್ತವೆ. ಹಾಗಾಗಿ ಅವರನ್ನು ಇಲ್ಲಿ 'ಗವರ್ನರ್' ಎಂದಷ್ಟೇ ಕರೆಯುತ್ತೇವೆ. ಉಳಿದವರಿಗೂ ಹುದ್ದೆಯೇ ಹೆಸರು.

ಬಂದವರು ಯಾರು

ಹುಟ್ಟಿದ್ದು 1716ರಲ್ಲಿ, ಸೆವಿಲ್ ನಗರದಲ್ಲಿ. ಹದಿಹರೆಯದಲ್ಲೇ ಹಡಗು ಹತ್ತಿ, 1733ರಲ್ಲಿ ಕಾಡಿಸ್‌ನ ನೌಕಾ ಕೆಡೆಟ್ ದಳ ಸೇರಿದರು. ಭೂಮಿ ಧ್ರುವಗಳ ಬಳಿ ಚಪ್ಪಟೆಯೋ ಅಲ್ಲವೋ ಎಂಬ ವಾದವನ್ನು ಅಳತೆಯಿಂದಲೇ ಮುಗಿಸಲು 1735ರಲ್ಲಿ ಫ್ರೆಂಚ್ ವಿಜ್ಞಾನಿಗಳ ತಂಡವೊಂದು ದಕ್ಷಿಣ ಅಮೆರಿಕದ ಕ್ವಿಟೋಗೆ ಹೊರಟಿತು. ಸ್ಪೇನಿನ ಪರವಾಗಿ ಅದರ ಜೊತೆ ಹೋದ ಇಬ್ಬರು ಯುವ ಅಧಿಕಾರಿಗಳಲ್ಲಿ ಇವರೊಬ್ಬರು. ಆಗ ವಯಸ್ಸು 19. ಆಂಡಿಸ್ ಬೆಟ್ಟಸಾಲಿನ ನೆತ್ತಿಯಿಂದ ನೆತ್ತಿಗೆ ಕೋನ ಅಳೆಯುತ್ತಾ, ತ್ರಿಕೋನದ ಪಕ್ಕ ತ್ರಿಕೋನ ಕೂಡಿಸುತ್ತಾ ವರ್ಷಗಳೇ ಕಳೆದವು. ಊರಿಗೆ ಮರಳುವಾಗ, 1745ರಲ್ಲಿ, ಹಡಗು ಉತ್ತರ ಅಮೆರಿಕದ ಲೂಯಿಸ್‌ಬರ್ಗ್ ಬಂದರಿಗೆ ಬಂತು. ಆ ಬಂದರು ಆಗಲೇ ಬ್ರಿಟಿಷರ ವಶವಾಗಿತ್ತು, ಗವರ್ನರ್ ಸೆರೆಯಾದರು. ಆದರೆ ಸೆರೆಯಾಳಾಗಿ ಇಂಗ್ಲೆಂಡಿಗೆ ಹೋದವರನ್ನು ಅಲ್ಲಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿ 1746ರಲ್ಲಿ ತನ್ನ ಸದಸ್ಯರನ್ನಾಗಿ ಮಾಡಿಕೊಂಡಿತು. 1748ರಲ್ಲಿ ಪ್ರಕಟವಾದ ಪ್ರವಾಸ ವೃತ್ತಾಂತದಲ್ಲಿ ಪ್ಲಾಟಿನಂ ಲೋಹದ ಬಗ್ಗೆ ಬರೆದು ಯುರೋಪಿನ ಗಮನ ಅತ್ತ ತಿರುಗಿಸಿದರು. ಮರುವರ್ಷ ಸರ್ಕಾರಕ್ಕಾಗಿಯೇ ಇನ್ನೊಂದು ವರದಿ ಸಿದ್ಧವಾಯಿತು. ಅಮೆರಿಕದ ವಸಾಹತುಗಳಲ್ಲಿ ಅಧಿಕಾರಿಗಳು ಹೇಗೆ ಲಂಚ ತಿನ್ನುತ್ತಾರೆ, ಮೂಲನಿವಾಸಿಗಳನ್ನು ಹೇಗೆ ಹಿಂಡುತ್ತಾರೆ ಎಂಬುದು ಅದರ ವಿಷಯ. ಅದನ್ನು ಗುಟ್ಟಾಗಿಯೇ ಇಡಲಾಯಿತು.

ಹೀಗೆ ರೋಗದ ಬಗ್ಗೆ ಬರೆದವರನ್ನೇ ವೈದ್ಯರನ್ನಾಗಿಯೂ ಕಳಿಸಿದರು. 1758ರ ಕೊನೆಗೆ ಅವರು ಪೆರುವಿನ ವಾಂಕಾವೆಲಿಕಾದಲ್ಲಿ ಗವರ್ನರ್ ಹಾಗೂ ಗಣಿಯ ಮೇಲ್ವಿಚಾರಕರಾಗಿ ಅಧಿಕಾರ ವಹಿಸಿಕೊಂಡರು. ಊರು ಇರುವುದು ಸಮುದ್ರಮಟ್ಟದಿಂದ 3,600 ಮೀಟರಿಗೂ ಎತ್ತರದಲ್ಲಿ. ಅಲ್ಲಿನ ಸಾಂತಾ ಬಾರ್ಬರಾ ಗಣಿಯಿಂದ ಪಾದರಸ ಬರುತ್ತಿತ್ತು. ಬೆಳ್ಳಿಯ ಅದಿರನ್ನು ಹಿಟ್ಟಿನಂತೆ ಅರೆದು, ಉಪ್ಪು ಮತ್ತು ಪಾದರಸ ಸೇರಿಸಿ ತುಳಿದು ಹದಮಾಡಿದರೆ ಬೆಳ್ಳಿ ಪಾದರಸಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಕಾಸಿದರೆ ಪಾದರಸ ಆವಿಯಾಗಿ ಹೋಗಿ ಬೆಳ್ಳಿ ಉಳಿಯುತ್ತದೆ. ಪಾದರಸ ನಿಂತರೆ ಪೊಟೊಸಿಯ ಗಣಿಗಳ ಬೆಳ್ಳಿಯೂ ನಿಂತಂತೆ.

ಗಣಿಯೊಳಗಿನ ತೊಂದರೆ ಕಣ್ಣಿಗೆ ಕಾಣುವಂಥದ್ದೇ. ಮೇಲ್ಚಾವಣಿ ಕುಸಿಯದಿರಲೆಂದು ಅಗೆಯದೆ ಬಿಟ್ಟ ಕಂಬಗಳೂ ಕಮಾನುಗಳೂ ಅದಿರಿನವೇ, ಕೆಲವು ಕಡೆ ಬಹಳ ಒಳ್ಳೆಯ ಅದಿರಿನವು. ಹೊಸ ಸುರಂಗ ಕೊರೆಯಲು ಖರ್ಚು, ಶ್ರಮ ಎರಡೂ ಬೇಕು. ಕಂಬದಿಂದ ಒಂದು ಬುಟ್ಟಿ ಕೆತ್ತಿಕೊಳ್ಳಲು ಏನೂ ಬೇಡ. ಗಣಿಗಾರರ ಸಂಘದವರು ಕೆತ್ತಿದರು, ತಡೆಯಬೇಕಾಗಿದ್ದ ತನಿಖಾಧಿಕಾರಿಗಳು ಕಣ್ಣುಮುಚ್ಚಿಕೊಂಡರು. ಗವರ್ನರ್ ಇದನ್ನು ಹಿಡಿದು ತಪ್ಪಿತಸ್ಥರ ಮೇಲೆ ಮೊಕದ್ದಮೆ ಹೂಡಿದರು. ಆದರೆ ಹಿಡಿದವರಿಗೆ ಲಿಮಾದಲ್ಲಿ ನಂಟರೂ ಇದ್ದರು, ವಕೀಲರೂ ಇದ್ದರು. ಕೆಲವೇ ವರ್ಷಗಳಲ್ಲಿ ಮೊಕದ್ದಮೆಗಳು ತಿರುಗಿ ಇವರ ಮೇಲೆಯೇ ಬಂದವು. ತಮ್ಮನ್ನು ಬಿಡುಗಡೆ ಮಾಡಿ ಎಂದು ತಾವೇ ಬೇಡಿಕೊಂಡು 1764ರಲ್ಲಿ ಹೊರಟರು. ಪುರಾವೆ ಪೂರ್ತಿ ಇವರ ಕೈಯಲ್ಲಿತ್ತು, ಊರಿನಲ್ಲಿ ಒಬ್ಬ ಮಿತ್ರನಿರಲಿಲ್ಲ. ಮುಂದಿನ ಹುದ್ದೆಗೆ ಇದೇ ಅನುಭವವನ್ನು ಹೊತ್ತುಕೊಂಡು ಹೋದರು ಎಂಬುದನ್ನು ನೆನಪಿನಲ್ಲಿಡಬೇಕು.

ಕೈಗೆ ಬಂದದ್ದು ಏನು

1762ರ ನವೆಂಬರಿನಲ್ಲಿ ಫಾಂಟೆನ್‌ಬ್ಲೋದಲ್ಲಿ ಆದ ಗುಟ್ಟಿನ ಒಪ್ಪಂದದಲ್ಲಿ ಫ್ರಾನ್ಸಿನ ರಾಜ ಲೂಯಿಸಿಯಾನಾವನ್ನು ಸ್ಪೇನಿನ ರಾಜನಿಗೆ ಬಿಟ್ಟುಕೊಟ್ಟ. ಅಲ್ಲಿ ವಾಸಿಸುತ್ತಿದ್ದವರಿಗೆ ಇದು ಗೊತ್ತಾಗಿದ್ದು ಸುಮಾರು ಎರಡು ವರ್ಷದ ಮೇಲೆ, 1764ರ ಶರತ್ಕಾಲದಲ್ಲಿ. ವರ್ತಕರೂ ಜಮೀನುದಾರರೂ ಸಭೆ ಸೇರಿ, ಈ ತೀರ್ಮಾನ ಹಿಂತೆಗೆದುಕೊಳ್ಳಿ ಎಂದು ಕೇಳಲು ಒಬ್ಬ ಪ್ರತಿನಿಧಿಯನ್ನು ಫ್ರಾನ್ಸಿಗೆ ಕಳಿಸಿದರು. ಆತ ಬರಿಗೈಯಲ್ಲಿ ಮರಳಿದ. 1765ರ ಫೆಬ್ರವರಿಯಲ್ಲಿ ಫ್ರೆಂಚ್ ಗವರ್ನರ್ ತೀರಿಕೊಂಡು, ಸೇನೆಯ ಹಿರಿಯ ಅಧಿಕಾರಿಯೊಬ್ಬರು ಹಂಗಾಮಿಯಾಗಿ ಕುರ್ಚಿಯಲ್ಲಿ ಕೂತರು.

ಹೊಸ ಗವರ್ನರ್ 1765ರ ಜುಲೈನಲ್ಲೇ ಹವಾನಾದಿಂದ ನ್ಯೂ ಆರ್ಲಿಯನ್ಸಿನ ಸುಪೀರಿಯರ್ ಕೌನ್ಸಿಲಿಗೆ 'ಬರುತ್ತಿದ್ದೇನೆ' ಎಂದು ಕಾಗದ ಬರೆದರು. ಬಂದದ್ದು ಎಂಟು ತಿಂಗಳ ಮೇಲೆ. ಆ ಎಂಟು ತಿಂಗಳಲ್ಲಿ ಊರಿನವರ ಮನಸ್ಸಿನಲ್ಲಿ, ಬಹುಶಃ ಸ್ಪೇನಿಗೆ ಈ ನಾಡು ಬೇಡವೇನೋ ಎಂಬ ಆಸೆ ಬೇರುಬಿಟ್ಟಿತು.

ಮ್ಯಾಡ್ರಿಡ್‌ನ ಲೆಕ್ಕಾಚಾರ ಸರಳವಾಗಿತ್ತು. ಅಲ್ಲಿರುವ ಫ್ರೆಂಚ್ ಸೈನಿಕರು ಹಾಗೇ ಸ್ಪೇನಿನ ಸೇವೆಗೆ ಸೇರುತ್ತಾರೆ, ಆದ್ದರಿಂದ ಹೆಚ್ಚು ಸೈನ್ಯ ಕಳಿಸಬೇಕಿಲ್ಲ. ಸದ್ಯಕ್ಕೆ ಆಡಳಿತವನ್ನೂ ಬದಲಿಸಬೇಕಿಲ್ಲ. ಮೊದಲ ದಿನಗಳಲ್ಲೇ ಇದು ಮುರಿದುಬಿತ್ತು. ನಮ್ಮ ಸೇವಾ ಅವಧಿ ಮುಗಿದಿದೆ, ಊರಿಗೆ ಕಳಿಸಿ, ಇನ್ನೊಬ್ಬ ರಾಜನ ಕೈಕೆಳಗೆ ದುಡಿಯುವುದಿಲ್ಲ ಎಂದು ಫ್ರೆಂಚ್ ಸೈನಿಕರು ಖಂಡತುಂಡವಾಗಿ ಹೇಳಿದರು.

ಮೊದಲ ತಿರುವು: ನೇಮಕಾತಿ ಪತ್ರ

ಸುಪೀರಿಯರ್ ಕೌನ್ಸಿಲ್ ಎಂಬುದು ಆ ವಸಾಹತಿನ ನ್ಯಾಯಾಲಯ. ರಾಜಾಜ್ಞೆಗಳು ನೋಂದಣಿಯಾಗುವುದೂ ಅಲ್ಲಿಯೇ. ಹೊಸಬರು ಬಂದಾಗ ಕೌನ್ಸಿಲ್ ಕೇಳಿದ್ದು ಒಂದನ್ನೇ: ನಿಮ್ಮ ನೇಮಕಾತಿ ಪತ್ರ ತೋರಿಸಿ. ತೋರಿಸುವುದಿಲ್ಲ, ನನ್ನ ವ್ಯವಹಾರ ಏನಿದ್ದರೂ ಫ್ರೆಂಚ್ ಹಂಗಾಮಿ ಕಮಾಂಡರ್ ಜೊತೆ ಮಾತ್ರ ಎಂದು ಗವರ್ನರ್ ಉತ್ತರ ಕೊಟ್ಟರು.

ಅವರ ಯೋಚನೆ ಹೀಗಿದ್ದೀತು. ಪತ್ರ ತೋರಿಸಿದ ಮೇಲೆ ಚಾರ್ಜ್ ತೆಗೆದುಕೊಳ್ಳಲೇಬೇಕು. ಚಾರ್ಜ್ ತೆಗೆದುಕೊಂಡ ಮೇಲೆ ಯಾರಾದರೂ ಎದುರು ನಿಂತರೆ ಅದು ರಾಜನಿಗೇ ಆದ ಅವಮಾನ, 90 ಜನರನ್ನು ಇಟ್ಟುಕೊಂಡು ಅದನ್ನು ತಡೆಯಲಾಗದು. ಹಾಗಾಗಿ ಸೈನ್ಯ ಬರುವವರೆಗೆ ಕಾಯೋಣ. ವಾಂಕಾವೆಲಿಕಾದಲ್ಲಿ ಸ್ಥಳೀಯ ಸಂಘವೊಂದರ ಕೈಯಲ್ಲಿ ನರಳಿ ಬಂದವರಿಗೆ ಇನ್ನೊಂದು ಸ್ಥಳೀಯ ಮಂಡಳಿಯ ಮುಂದೆ ಕಾಗದ ಹಿಡಿದು ನಿಲ್ಲುವುದು ಬೇಡವೆನಿಸಿದ್ದರೆ ಅದೂ ಅರ್ಥವಾಗುವಂಥದ್ದೇ.

ಆದರೆ ಕಾಯಬೇಕಾದವರು ಸುಮ್ಮನೆ ಕಾಯಲಿಲ್ಲ, ಆಳಿದರು. ಫ್ರೆಂಚ್ ಕಮಾಂಡರ್ ಹೆಸರಿನಲ್ಲಿ ಆಜ್ಞೆ ಹೊರಡುತ್ತಿತ್ತು, ಅದರ ಒಕ್ಕಣೆ ಸ್ಪೇನಿನ ಗವರ್ನರದು, ಸಂಬಳ ಸ್ಪೇನಿನ ಖಜಾನೆಯದು, ಚೌಕದಲ್ಲಿ ಹಾರುತ್ತಿದ್ದದ್ದು ಫ್ರಾನ್ಸಿನ ಬಾವುಟ. ಫ್ರಾನ್ಸಿನ ರಾಜನ ಪರವಾಗಿ ಅಧಿಕಾರ ನಡೆಸುತ್ತಾ, ನಾಡನ್ನು ಸ್ಪೇನಿನದೆಂಬಂತೆ ಆಳುತ್ತಿದ್ದೇನೆ ಎಂಬರ್ಥದಲ್ಲಿ ಆ ಕಮಾಂಡರ್ ತಮ್ಮ ಮೇಲಿನವರಿಗೆ ಬರೆದುಕೊಂಡರು. ಒಂದೇ ಒರೆಯಲ್ಲಿ ಎರಡು ಕತ್ತಿ ಇಟ್ಟ ಹಾಗೆ.

ನದೀಮುಖದ ಬಾವುಟ

1766ರ ಸೆಪ್ಟೆಂಬರಿನಲ್ಲಿ ಗವರ್ನರ್ ನ್ಯೂ ಆರ್ಲಿಯನ್ಸ್ ಬಿಟ್ಟು ಮಿಸಿಸಿಪ್ಪಿಯ ಮುಖದಲ್ಲಿದ್ದ ಬಲೀಜ್ ಎಂಬ ಠಾಣೆಗೆ ಹೋದರು. ನದಿಯ ದಾರಿಯಲ್ಲಿ ನಗರದಿಂದ ಸುಮಾರು 160 ಕಿ.ಮೀ. ಕೆಳಗೆ. ಜೊಂಡು, ಸೊಳ್ಳೆ, ಕಾಲಿಟ್ಟರೆ ಹೂತುಹೋಗುವ ಕೆಸರು. ಸಮುದ್ರದಿಂದ ಬರುವ ಹಡಗುಗಳಿಗೆ ಮರಳುದಿಬ್ಬ ದಾಟಿಸುವ ಪೈಲಟ್‌ಗಳು ಇರುತ್ತಿದ್ದ ಜಾಗ ಅದು. ಅಲ್ಲೇ ತಿಂಗಳುಗಟ್ಟಲೆ ಉಳಿದರು. ಪೆರುವಿನಿಂದ ಬರುತ್ತಿದ್ದ ವಧುವಿಗಾಗಿ ಕಾದು, ಅಲ್ಲಿಯೇ ಸದ್ದಿಲ್ಲದೆ ಮದುವೆಯಾದರು. ರಾಜಧಾನಿಯ ದೊಡ್ಡ ಮನೆತನಗಳಿಗೆ ಇದೂ ಒಂದು ಅವಮಾನವಾಗಿ ಕಂಡಿತು.

1767ರ ಜನವರಿ 20ರಂದು ಫ್ರೆಂಚ್ ಕಮಾಂಡರ್ ಅಲ್ಲಿಗೆ ಬಂದು ವಸಾಹತನ್ನು ಒಪ್ಪಿಸುವ ಪತ್ರಕ್ಕೆ ಸಹಿ ಹಾಕಿದರು. ಬಲೀಜ್‌ನಲ್ಲಿ ಸ್ಪೇನಿನ ಬಾವುಟ ಏರಿತು. ಕಾನೂನಿನ ಲೆಕ್ಕದಲ್ಲಿ ಹಸ್ತಾಂತರ ಆದಂತೆಯೇ. ಆದರೆ ನೋಡಿದವರು ಪೈಲಟ್‌ಗಳು, ಸೈನಿಕರು, ನೀರುಹಕ್ಕಿಗಳು. ಪತ್ರವನ್ನು ನಗರದಲ್ಲಿ ಓದಲಿಲ್ಲ, ಕೌನ್ಸಿಲಿನಲ್ಲಿ ನೋಂದಾಯಿಸಲಿಲ್ಲ, ಜನರಿಂದ ಹೊಸ ರಾಜನಿಗೆ ನಿಷ್ಠೆಯ ಪ್ರಮಾಣ ಪಡೆಯಲಿಲ್ಲ. ಅಳತೆಯ ಕೆಲಸದಲ್ಲಿ ಇಬ್ಬರು ಸಾಕ್ಷಿಗಳ ಸಹಿ ಬಿದ್ದರೆ ಅಳತೆ ಸಿಂಧು. ಅಧಿಕಾರ ಹಸ್ತಾಂತರಕ್ಕೆ ಬೇಕಾದ ಸಾಕ್ಷಿ ಆಳಿಸಿಕೊಳ್ಳುವವರು, ಅವರೇ ಅಲ್ಲಿರಲಿಲ್ಲ.

ದುಡ್ಡು

ವಸಾಹತಿನ ಖರ್ಚಿಗೆಂದು ವರ್ಷಕ್ಕೆ 1,50,000 ಪೆಸೊ ನಿಗದಿಯಾಗಿತ್ತು. ಅದು ಬರಬೇಕಾದದ್ದು ಮೆಕ್ಸಿಕೋದಿಂದ ಬೆಳ್ಳಿಯ ರೂಪದಲ್ಲಿ, ಹಡಗಿನ ಮೇಲೆ. ಅಷ್ಟರಲ್ಲೇ ಫ್ರೆಂಚ್ ಸೈನಿಕರ ಸಂಬಳ, ಫ್ರೆಂಚ್ ನೌಕರರ ಸಂಬಳ, ಮೂಲನಿವಾಸಿ ಬುಡಕಟ್ಟುಗಳಿಗೆ ಪ್ರತಿವರ್ಷದ ಉಡುಗೊರೆ, ಹೊಸ ಕೋಟೆಗಳು, ನಿರಾಶ್ರಿತರ ಪಡಿತರ ಎಲ್ಲವೂ ಆಗಬೇಕು. ಸಾಲಲಿಲ್ಲ. ಬರುವುದೂ ತಡವಾಗುತ್ತಿತ್ತು. ಗವರ್ನರ್ ಉದ್ರಿಯಲ್ಲಿ ಕೊಂಡರು. ಉದ್ರಿ ಕೊಟ್ಟವರು ಯಾರು? ಇದೇ ವರ್ತಕರು, ಇದೇ ರೈತರು.

ಇದರ ಮೇಲೆ ಹಳೆಯ ಫ್ರೆಂಚ್ ಕಾಗದದ ಹಣದ ಪ್ರಶ್ನೆ ಬಂತು. ಜನರ ಪೆಟ್ಟಿಗೆಗಳಲ್ಲಿ ಅದೇ ತುಂಬಿತ್ತು. ಫ್ರಾನ್ಸ್ ಏನು ತೀರ್ಮಾನಿಸುತ್ತದೋ ಗೊತ್ತಾಗುವವರೆಗೆ ಮುಖಬೆಲೆಯ ಮುಕ್ಕಾಲು ಭಾಗಕ್ಕೆ ಅದನ್ನು ತೆಗೆದುಕೊಳ್ಳೋಣ ಎಂದು ಗವರ್ನರ್ ಮುಂದಾದರು. ಪೇಟೆಯಲ್ಲಿ ಅದರ ಬೆಲೆ ಆಗಲೇ ಇಳಿದಿತ್ತು. ಲೆಕ್ಕದ ದೃಷ್ಟಿಯಿಂದ ಇದು ಉದಾರವೇ. ಆದರೆ ಪೂರ್ತಿ ಬೆಲೆಯೇ ಬೇಕೆಂದವರಿಗೆ, ಬಂದ ಹೊಸಬ ಕಾಲುಭಾಗ ನುಂಗಿದ ಎಂದಷ್ಟೇ ಕಂಡಿತು. ಇನ್ನೊಂದು ದೇಶದ ಸಾಲವನ್ನು ತಾನಾಗಿ ಹೊರಲು ಹೋಗಿ ಬೈಸಿಕೊಂಡದ್ದು ಈ ಪ್ರಕರಣದಲ್ಲಿ ನಮಗೆ ಅತ್ಯಂತ ಬೇಸರ ತರಿಸುವ ಭಾಗ.

ವ್ಯಾಪಾರ, ಕೋಟೆ, ನಿರಾಶ್ರಿತರು

1766ರ ಸೆಪ್ಟೆಂಬರ್ 6ರ ಆಜ್ಞೆಯ ಪ್ರಕಾರ ಹೊರಗಿಂದ ಬರುವ ಹಡಗಿನ ಕಪ್ತಾನ ತಂದ ಸರಕಿನ ಪಟ್ಟಿಯನ್ನೂ ಬೆಲೆಯನ್ನೂ ಮೊದಲು ಸಲ್ಲಿಸಬೇಕು. ಬೆಲೆ ಹೆಚ್ಚೆನಿಸಿದರೆ ಮಾರಲು ಅನುಮತಿ ಇಲ್ಲ. ಉದ್ದೇಶ ದರ ಇಳಿಸುವುದು. ವರ್ತಕರು ಕೆಲವೇ ದಿನಗಳಲ್ಲಿ ಕೌನ್ಸಿಲಿಗೆ ಅರ್ಜಿ ಹಾಕಿದರು. ಆ ಅರ್ಜಿ ಹೋದದ್ದು ಗವರ್ನರ್ ಬಳಿಗಲ್ಲ ಎಂಬುದನ್ನು ಗಮನಿಸಬೇಕು. ಅವರು ಮಾನ್ಯ ಮಾಡದ ಮಂಡಳಿಯೇ ಊರಿನ ದೂರುಗಳ ಪೆಟ್ಟಿಗೆಯಾಗಿಬಿಟ್ಟಿತ್ತು.

ನದಿಯ ಆಚೆ ದಡಕ್ಕೆ ಬ್ರಿಟಿಷರು ಬಂದು ಕೂತಿದ್ದರಿಂದ ಗವರ್ನರ್ ನದಿಯುದ್ದಕ್ಕೂ ಕಾವಲು ಠಾಣೆಗಳನ್ನು ಕಟ್ಟಿಸತೊಡಗಿದರು. 1767ರಲ್ಲಿ ಮಿಸೂರಿ ನದಿಯ ಮುಖಕ್ಕೆ ಒಬ್ಬ ಕ್ಯಾಪ್ಟನ್ನನ್ನು ಎರಡು ದಡಗಳಲ್ಲೂ ಕೋಟೆ ಕಟ್ಟಲು ಸವಿವರ ಲಿಖಿತ ಸೂಚನೆಯೊಡನೆ ಕಳಿಸಿದರು. ನಕ್ಷೆಯಲ್ಲಿ ಎಲ್ಲ ಸರಿಯಿತ್ತು. ಸ್ಥಳಕ್ಕೆ ಹೋದರೆ ನೆರೆ ಬಂದಾಗ ಮುಳುಗುವ ನೆಲ.

ನಿರಾಶ್ರಿತರದು ಇನ್ನೂ ಸೂಕ್ಷ್ಮ ವಿಷಯ. 1755ರಿಂದ ನೋವಾ ಸ್ಕೋಶಿಯಾದಿಂದ ಬ್ರಿಟಿಷರು ಹೊರದಬ್ಬಿದ ಫ್ರೆಂಚ್ ಮೂಲದ ಅಕೇಡಿಯನ್ನರು ಚೂರುಚೂರಾಗಿ ಬಂದು ಲೂಯಿಸಿಯಾನಾ ಸೇರುತ್ತಿದ್ದರು. ಗವರ್ನರ್ ಅವರಿಗೆ ಜಮೀನು ಕೊಟ್ಟರು, ಪಡಿತರ ಕೊಟ್ಟರು. ಆದರೆ ಎಲ್ಲಿ ನೆಲೆಸಬೇಕು ಎಂಬುದನ್ನು ನಕ್ಷೆ ನೋಡಿ ತೀರ್ಮಾನಿಸಿದರು. 1768ರಲ್ಲಿ ಬಂದ ಸುಮಾರು 150 ಜನರ ಗುಂಪನ್ನು ನದಿಯ ಮೇಲ್ಭಾಗದ ಸಾನ್ ಲೂಯಿಸ್ ದೆ ನ್ಯಾಚೆಸ್ ಎಂಬ ಒಂಟಿ ಠಾಣೆಗೆ ಹೋಗಿ ಎಂದರು. ಅವರು ಕೇಳಿಕೊಂಡದ್ದು ಕೆಳಗೆ ಆಗಲೇ ನೆಲೆಸಿದ್ದ ತಮ್ಮ ಬಂಧುಗಳ ಪಕ್ಕದಲ್ಲಿ ಜಾಗ. ಹೋಗದಿದ್ದರೆ ವಸಾಹತಿನಿಂದಲೇ ಹೊರಗೆ ಎಂಬ ಬೆದರಿಕೆ ಬಂತು. ಒಮ್ಮೆ ಮನೆಮಠ ಕಳೆದುಕೊಂಡು ಕುಟುಂಬಗಳು ಚದುರಿಹೋದ ಜನರಿಗೆ ಈ ಮಾತು ಹೇಗೆ ಕೇಳಿಸಿರಬೇಡ!

ಕೊನೆಯ ಪೆಟ್ಟು ಮ್ಯಾಡ್ರಿಡ್‌ನಿಂದ ಬಂತು. 1768ರ ಮಾರ್ಚ್ ತಿಂಗಳ ರಾಜಾಜ್ಞೆ ಲೂಯಿಸಿಯಾನಾದ ವ್ಯಾಪಾರವನ್ನು ಸ್ಪೇನಿನ ನಿಗದಿತ ಬಂದರುಗಳಿಗೆ, ಸ್ಪೇನಿನ ಹಡಗುಗಳಿಗೆ ಕಟ್ಟಿಹಾಕಿತು. ಫ್ರೆಂಚ್ ಬಂದರುಗಳೂ ಫ್ರೆಂಚ್ ದ್ವೀಪಗಳೂ ಮುಚ್ಚಿದಂತಾಯಿತು. ನೀಲಿ ಬಣ್ಣ (ಇಂಡಿಗೊ), ತಂಬಾಕು, ಜಿಂಕೆ ಚರ್ಮ, ಮರಮುಟ್ಟು ಇವುಗಳ ಮೇಲೆ ಬದುಕುತ್ತಿದ್ದ ನಾಡಿಗೆ ಹಳೆಯ ಗಿರಾಕಿ ಹೋದ, ಹೊಸ ಗಿರಾಕಿ ಇನ್ನೂ ಹುಟ್ಟಿರಲಿಲ್ಲ.

1768ರ ಅಕ್ಟೋಬರ್ 27ರಿಂದ ನವೆಂಬರ್ 1

ಆಜ್ಞೆಯ ಸುದ್ದಿ ಅಕ್ಟೋಬರಿನಲ್ಲಿ ಊರಿಡೀ ಹಬ್ಬಿತು. ನಗರದಿಂದ ನದಿಯ ಮೇಲ್ಭಾಗದಲ್ಲಿ ನೆಲೆಸಿದ್ದ ಜರ್ಮನ್ ರೈತರು ನಿರಾಶ್ರಿತರ ಪಡಿತರಕ್ಕೆಂದು ಕೊಟ್ಟಿದ್ದ ಧಾನ್ಯದ ಹಣ ಬಾಕಿಯಿತ್ತು. ಅದು ನಿಮಗೆ ಬರುವುದೇ ಇಲ್ಲ ಎಂದು, ಗವರ್ನರನ್ನು ಓಡಿಸಲು ಸಂಚು ಹೂಡಿದ್ದವರು ಅವರ ಕಿವಿಯೂದಿದರು. ಗವರ್ನರ್‌ಗೆ ವಾಸನೆ ಬಡಿಯಿತು. ಒಬ್ಬ ವರ್ತಕನ ಕೈಯಲ್ಲಿ 1,500 ಪೆಸೊ ಕೊಟ್ಟು, ಬಾಕಿ ತೀರಿಸಿ ಬಾ ಎಂದು ಓಡಿಸಿದರು. ದಾರಿಯಲ್ಲೇ ಅವನನ್ನು ಹಿಡಿದು ಕೂರಿಸಿದರು. ಇದೇ 1,500 ಪೆಸೊ ಒಂದು ತಿಂಗಳು ಮೊದಲೇ ಹೋಗಿದ್ದರೆ ಆ ರೈತರು ಬಂದೂಕು ಹಿಡಿದು ಬರುತ್ತಿರಲಿಲ್ಲ ಎಂದೇ ನಮ್ಮ ಅಭಿಪ್ರಾಯ.

27ರ ರಾತ್ರಿ ಯಾರೋ ನಗರದ ಚೂಪಿಟೂಲಾಸ್ ಬಾಗಿಲಿನ ಬಳಿಯ ಫಿರಂಗಿಗಳ ಬತ್ತಿಯ ತೂತುಗಳಿಗೆ ಮೊಳೆ ಹೊಡೆದರು. ಫಿರಂಗಿಯ ಹಿಂಭಾಗದಲ್ಲಿ ಮದ್ದಿಗೆ ಕಿಡಿ ತಗಲಿಸಲು ಇರುವುದು ಅದೊಂದೇ ಕಿಂಡಿ. ಕಬ್ಬಿಣದ ಮೊಳೆ ಬಿಗಿಯಾಗಿ ಕೂತರೆ ಕೊರೆದು ತೆಗೆಯುವವರೆಗೆ ಫಿರಂಗಿ ಬರೀ ಕೊಳವೆ. 28ರ ಬೆಳಗ್ಗೆ ಜರ್ಮನ್ ರೈತರೂ ಅಕೇಡಿಯನ್ನರೂ ಬಂದೂಕು ಹಿಡಿದು ಅದೇ ಬಾಗಿಲಿನಿಂದ ಒಳಬಂದರು. ಫ್ರೆಂಚ್ ಕಮಾಂಡರ್ ಬಳಿ ಇದ್ದದ್ದು ನೂರಕ್ಕಿಂತ ಸ್ವಲ್ಪ ಹೆಚ್ಚು ಸೈನಿಕರು. ಹಡಗಿಗೆ ಹೋಗಿಬಿಡಿ ಎಂದು ಗವರ್ನರ್‌ಗೆ ಅವರೇ ಸಲಹೆ ಕೊಟ್ಟರು. ಗವರ್ನರ್ ಹೆಂಡತಿಯೊಡನೆ ತಮ್ಮ ಫ್ರಿಗೇಟ್ (ಯುದ್ಧನೌಕೆ) ಹತ್ತಿದರು. ದುರಸ್ತಿಯಿಲ್ಲದೆ ಬಿದ್ದಿದ್ದ ಆ ಹಡಗು ಕಡಲಿಗಿಳಿಯುವ ಸ್ಥಿತಿಯಲ್ಲೂ ಇರಲಿಲ್ಲ.

ಸುಮಾರು 560 ಜನ ಸಹಿ ಹಾಕಿದ ಮನವಿ ಕೌನ್ಸಿಲಿನ ಮುಂದೆ ಬಂತು. 29ರಂದು ತೀರ್ಮಾನ ಹೊರಬಿತ್ತು: ಈ ವ್ಯಕ್ತಿ ತನ್ನ ಅಧಿಕಾರಪತ್ರ ಎಂದೂ ತೋರಿಸಿಲ್ಲ, ಮೂರು ದಿನದೊಳಗೆ ಹೊರಡಬೇಕು. ಕಮಾಂಡರ್ ಪ್ರತಿಭಟಿಸಿದರು, ಯಾರೂ ಕಿವಿಗೊಡಲಿಲ್ಲ. ನವೆಂಬರ್ 1ರಂದು ಗವರ್ನರ್ ಬೇರೊಂದು ಫ್ರೆಂಚ್ ಹಡಗಿನಲ್ಲಿ ಹವಾನಾಕ್ಕೆ ಹೊರಟರು. ಅವರ ಮೂವರು ಹಣಕಾಸು ಅಧಿಕಾರಿಗಳನ್ನು, ಅಂದರೆ ಕಮಿಸರಿ, ಲೆಕ್ಕಾಧಿಕಾರಿ, ಖಜಾಂಚಿ ಇವರನ್ನು ಊರಿನವರು ಬಿಡಲಿಲ್ಲ. ಸ್ಪೇನ್ ಮಾಡಿದ ಉದ್ರಿಗೆ ಅವರೇ ಜಾಮೀನು. ಇಷ್ಟೆಲ್ಲದರಲ್ಲಿ ಒಂದು ಹನಿ ರಕ್ತ ಬೀಳಲಿಲ್ಲ.

ಆಮೇಲೆ ಬಿತ್ತು. 1769ರ ಆಗಸ್ಟಿನಲ್ಲಿ ಇನ್ನೊಬ್ಬ ಅಧಿಕಾರಿ ಇಪ್ಪತ್ತಕ್ಕೂ ಹೆಚ್ಚು ಹಡಗುಗಳಲ್ಲಿ ಸುಮಾರು 2,000 ಸೈನಿಕರೊಡನೆ ಬಂದರು. 18ರಂದು ಚೌಕದಲ್ಲಿ ಸೈನ್ಯ ಸಾಲಾಗಿ ನಿಂತಿತು. ಅಧಿಕಾರಪತ್ರ ಎಲ್ಲರೆದುರು ಓದಿದರು, ನಗರದ ಬೀಗದಕೈ ಕೈಬದಲಾಯಿತು, ಫ್ರಾನ್ಸಿನ ಬಾವುಟ ಇಳಿದು ಸ್ಪೇನಿನದು ಏರಿತು, ತೋಪು ಹಾರಿದವು. ಕೆಲವು ಗಂಟೆಗಳ ಕೆಲಸ. ನಂತರ ಜನರಿಂದ ನಿಷ್ಠೆಯ ಪ್ರಮಾಣ ತೆಗೆದುಕೊಂಡರು, ಕೌನ್ಸಿಲ್ ರದ್ದಾಯಿತು, ಅದರ ಜಾಗಕ್ಕೆ ಕಬಿಲ್ದೊ ಎಂಬ ಸ್ಪೇನ್ ಮಾದರಿಯ ನಗರಸಭೆ ಬಂತು. ಬಂಡಾಯದ ಮುಂದಾಳುಗಳ ವಿಚಾರಣೆಯಲ್ಲಿ ಅವರ ಮುಖ್ಯ ವಾದ ಇದೇ: ಹಿಂದಿನ ಗವರ್ನರ್ ಪತ್ರ ತೋರಿಸಲಿಲ್ಲ, ಅಧಿಕಾರ ವಹಿಸಿಕೊಳ್ಳಲಿಲ್ಲ, ನಾವು ಸ್ಪೇನಿನ ಪ್ರಜೆಗಳೇ ಆಗಿರಲಿಲ್ಲ, ಹಾಗಿದ್ದಮೇಲೆ ರಾಜದ್ರೋಹ ಎಲ್ಲಿಂದ? ವಾದ ನಿಲ್ಲಲಿಲ್ಲ. ಅಕ್ಟೋಬರ್ 25ರಂದು ಐವರನ್ನು ಗುಂಡಿಟ್ಟು ಕೊಂದರು. ಇನ್ನು ಕೆಲವರು ಹವಾನಾದ ಸೆರೆಮನೆಗೆ ಹೋದರು.

ಎಲ್ಲಿ ತಪ್ಪಿತು

ಬಂಡಾಯಕ್ಕೆ ವ್ಯಾಪಾರದ ಆಜ್ಞೆಯೇ ಕಾರಣ ಎಂಬುದು ಸಾಮಾನ್ಯ ಮಾತು. ನಮಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಕಡಿವಾಣದ ಆಜ್ಞೆಗಳು ಸ್ಪೇನಿನ ಬೇರೆ ವಸಾಹತುಗಳಲ್ಲೂ ಇದ್ದವು, ಅಲ್ಲಿ ಜನ ಗೊಣಗಿಕೊಂಡು, ಕಳ್ಳವ್ಯಾಪಾರ ಮಾಡಿಕೊಂಡು ಬದುಕಿದರು. ಇಲ್ಲಿ ಗೊಣಗಾಟ ಬಂಡಾಯವಾದದ್ದು ಆಜ್ಞೆ ಹೊರಡಿಸುವವನು ಯಾರು ಎಂಬ ಪ್ರಶ್ನೆ 32 ತಿಂಗಳು ತೆರೆದೇ ಇದ್ದುದರಿಂದ. ಆ ಪ್ರಶ್ನೆಗೆ ಉತ್ತರ ಹೇಳುವ ಅವಕಾಶ ಕೌನ್ಸಿಲಿನ ಕೈಗೆ ಹೋಯಿತು.

ಗವರ್ನರ್ ಮುಂದೆ ಎರಡು ನೇರ ದಾರಿಗಳಿದ್ದವು. ಸೈನ್ಯ ಬರುವವರೆಗೆ ಹವಾನಾ ಬಿಡದಿರುವುದು ಒಂದು. ಬಂದ ವಾರದಲ್ಲೇ ಪತ್ರ ತೋರಿಸಿ, ನೋಂದಾಯಿಸಿ, ನಗರದ ಚೌಕದಲ್ಲೇ ಬಾವುಟ ಏರಿಸುವುದು ಇನ್ನೊಂದು. 1766ರ ಮಾರ್ಚಿನಲ್ಲಿ ಊರು ಅನುಮಾನದಲ್ಲಿತ್ತೇ ಹೊರತು ಆಯುಧ ಹಿಡಿದಿರಲಿಲ್ಲ, ಎರಡನೆಯದು ಆಗಬಹುದಾಗಿದ್ದ ಕೆಲಸ. ಅವರು ಹಿಡಿದದ್ದು ನಡುವಿನ ದಾರಿ: ಅಧಿಕಾರ ಬೇಡ, ಆಡಳಿತ ಬೇಕು. ಹೊಣೆಯೆಲ್ಲ ಹೆಗಲಿಗೆ ಬಂತು, ರಕ್ಷಣೆ ಮಾತ್ರ ಬರಲಿಲ್ಲ. ಮ್ಯಾಡ್ರಿಡ್‌ನ ಪಾಲೂ ಇದರಲ್ಲಿ ಕಡಿಮೆಯಿಲ್ಲ. ಇನ್ನೊಬ್ಬ ರಾಜನ ಸೈನಿಕರನ್ನು ಕೇಳದೆಯೇ ತನ್ನ ಲೆಕ್ಕಕ್ಕೆ ಸೇರಿಸಿಕೊಂಡದ್ದು ಅಲ್ಲಿಯೇ.

ಬಾಕಿ ಪಾವತಿಯ ಸರದಿಯಲ್ಲಿಯೂ ತಪ್ಪಾಯಿತು. ಕಾಗದದ ಹಣ ದೊಡ್ಡ ಮೊತ್ತ, ಫ್ರಾನ್ಸಿನ ಹೊಣೆ, ಅದಕ್ಕೆ ಕಾಯಬಹುದಿತ್ತು. ಧಾನ್ಯದ ಬಾಕಿ ಸಣ್ಣದು, ಸ್ಪೇನಿನ ಸ್ವಂತ ಹೊಣೆ, ಅದನ್ನು ಕೊಯ್ಲು ಮುಗಿದೊಡನೆ ಕೊಡಬೇಕಿತ್ತು.

ಗವರ್ನರ್ ಅವರನ್ನು ರಾಜ ಶಿಕ್ಷಿಸಲಿಲ್ಲ. ಅವರು ನೌಕಾಪಡೆಗೆ ಮರಳಿದರು. 1776ರಲ್ಲಿ ಮೆಕ್ಸಿಕೋಗೆ ಹೊರಟ ಸರಕು ನೌಕಾಪಡೆಯ ಕಮಾಂಡ್ ಅವರಿಗೆ ಸಿಕ್ಕಿತು. ವೆರಾಕ್ರೂಸ್‌ನಿಂದ ಬರುತ್ತಾ, 1778ರ ಜೂನ್ 24ರಂದು, ಹಡಗಿನ ಮೇಲಿಂದಲೇ ಪೂರ್ಣ ಸೂರ್ಯಗ್ರಹಣ ನೋಡಿ ವಿವರ ಬರೆದಿಟ್ಟರು. ಮರುವರ್ಷ ಅಜೋರ್ಸ್ ದ್ವೀಪಗಳ ಸುತ್ತಮುತ್ತ ನಡೆಸಿದ ಕಾರ್ಯಾಚರಣೆಯ ವೈಫಲ್ಯಕ್ಕೆ ಸೇನಾ ನ್ಯಾಯಾಲಯದ ಮುಂದೆ ನಿಂತು, ನಿರ್ದೋಷಿಯಾಗಿ ಹೊರಬಂದರು. 1795ರಲ್ಲಿ ತೀರಿಕೊಳ್ಳುವವರೆಗೂ ನೌಕಾಪಡೆಯ ಉನ್ನತ ದರ್ಜೆಯಲ್ಲೇ ಇದ್ದರು. ಮತ್ತೆಂದೂ ಅವರಿಗೆ ಒಂದು ವಸಾಹತಿನ ಆಡಳಿತವನ್ನು ವಹಿಸಲಿಲ್ಲ.